ನೆಲೆಯೂರಿದವರ ಪೌರತ್ವ: ಒಡೆಯರಪಾಳ್ಯದ ಟಿಬೆಟಿಯನ್ನರ ಪ್ರಶ್ನೆ

ಒಬ್ಬ ವ್ಯಕ್ತಿಗೆ ಒಮ್ಮೆ ದೊರೆತ ಪೌರತ್ವವನ್ನು ಸರ್ಕಾರ ತನ್ನ ಆದೇಶದಿಂದ ಹಿಂದಕ್ಕೆ ಪಡೆಯುವುದನ್ನು ಪೌರತ್ವ ರದ್ದತಿ ಎನ್ನುತ್ತಾರೆ. ಭಾರತದ ಕಾನೂನಿನಲ್ಲಿ ಹುಟ್ಟಿನಿಂದ ಪೌರರಾದವರಿಗೆ ಈ ಭಯವಿಲ್ಲ. ಹೊರಗಿನಿಂದ ಬಂದು, ನೆಲೆನಿಂತು, ಅರ್ಜಿ ಹಾಕಿ ಪೌರತ್ವ ಪಡೆದವರ ತಲೆಯ ಮೇಲೆ ಅದು ಸದಾ ತೂಗುತ್ತಿರುತ್ತದೆ. ರದ್ದತಿಗೆ ಇನ್ನೊಂದು ದಾರಿಯೂ ಉಂಟು. ಅದರಲ್ಲಿ ಯಾವ ಆದೇಶವೂ ಹೊರಡುವುದಿಲ್ಲ. ಕಾನೂನು ಕೊಟ್ಟಿರುವ ಪೌರತ್ವವನ್ನು ಕಚೇರಿಗಳು ದಶಕಗಟ್ಟಲೆ ಗುರುತಿಸುವುದಿಲ್ಲ. ಕೊನೆಗೆ ಗುರುತಿಸಬೇಕಾಗಿ ಬಂದಾಗ ಇರುವ ಮನೆಯನ್ನೇ ಅದರ ಬೆಲೆಯಾಗಿ ಕೇಳುತ್ತವೆ. ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ, ಬಿಳಿಗಿರಿರಂಗನ ಬೆಟ್ಟಸಾಲಿನ ಪೂರ್ವದ ಮಗ್ಗುಲಲ್ಲಿ, ಅರ್ಧ ಶತಮಾನದಿಂದ ಬಾಳುತ್ತಿರುವ ಟಿಬೆಟಿಯನ್ ಸಮುದಾಯದ ಪಾಲಿಗೆ ಬಂದಿರುವುದು ಈ ಎರಡನೆಯದು. ಎರಡೂ ದಾರಿಗಳು ತಲುಪುವುದು ಒಂದೇ ಅನ್ಯಾಯಕ್ಕೆ ಎಂಬುದು ಈ ಲೇಖನದ ವಾದ. ಸರ್ಕಾರವೇ ಕರೆದು ಕೂರಿಸಿ, ದುಡಿಯಲು ಬಿಟ್ಟು, ಮಕ್ಕಳು ಮೊಮ್ಮಕ್ಕಳು ಹುಟ್ಟುವಷ್ಟು ಕಾಲ ಸುಮ್ಮನಿದ್ದ ಮೇಲೆ, ಆ ಜನರ ನೆಲೆಯನ್ನು ಅಲುಗಿಸುವ ಹಕ್ಕು ಅದರ ಕೈಯಲ್ಲಿ ಮೊದಲಿನಷ್ಟೇ ಬಲವಾಗಿ ಉಳಿದಿರುವುದಿಲ್ಲ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆ ಗಡಿ ಬದಲಾಗುವುದನ್ನು ಚೆನ್ನಾಗಿ ಕಂಡ ನಾಡು. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಮೈಸೂರು ಅರಸರು ಕೊಟ್ಟ ಜಹಗೀರು. ಕೊಳ್ಳೇಗಾಲವಾದರೋ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಬೆಟ್ಟದ ಎರಡು ಕಡೆಯ ಜನ ಎರಡು ಬೇರೆ ಆಡಳಿತಗಳ ಕೆಳಗೆ ಬದುಕಿ ಒಂದು ನವೆಂಬರಿನ ಬೆಳಗ್ಗೆ ಒಂದೇ ರಾಜ್ಯದವರಾದರು. ಯಾರ ಹತ್ತಿರವೂ ಯಾರೂ ಕಾಗದ ಕೇಳಲಿಲ್ಲ. ಇದ್ದವರು ಇದ್ದಲ್ಲಿಯವರೇ ಎಂಬುದು ಎಲ್ಲರಿಗೂ ಒಪ್ಪಿಗೆಯಾಗಿತ್ತು. ಈ ಸೀಮೆಗೆ 1974ರಲ್ಲಿ ಟಿಬೆಟಿಯನ್ ನಿರಾಶ್ರಿತರು ಬಂದರು. ಚೀನಾದ ಸೇನೆಗೆ ಎದುರಾಗಿ ಲಾಸಾದಲ್ಲಿ 1959ರಲ್ಲಿ ಎದ್ದ ದಂಗೆ ಮುರಿದ ಮೇಲೆ ದಲೈಲಾಮಾ ಅವರ ಹಿಂದೆ ಹಿಮಾಲಯ ದಾಟಿದವರು, ಉತ್ತರದ ರಸ್ತೆ ಕಾಮಗಾರಿಗಳಲ್ಲಿ ಕಲ್ಲು ಒಡೆದು ವರ್ಷಗಳನ್ನು ಕಳೆದವರು, ಆ ವಲಸೆಯ ಜನ. ಬೈಲಕುಪ್ಪೆ, ಮುಂಡಗೋಡು, ಹುಣಸೂರಿನ ಗುರುಪುರ ಇವುಗಳ ನಂತರ ಕರ್ನಾಟಕ ಕೊಟ್ಟ ಜಾಗ ಒಡೆಯರಪಾಳ್ಯ. ಸುಮಾರು ಮೂರು ಸಾವಿರ ಎಕರೆ ಗುತ್ತಿಗೆ ಭೂಮಿ. ಎ, ಬಿ, ಸಿ ಎಂದು ಅಕ್ಷರಗಳಿಂದ ಗುರುತಿಸಿದ ಹಳ್ಳಿಗಳು. ಅವರ ಭಾಷೆಯಲ್ಲಿ ಧೊಂಡೆನ್‌ಲಿಂಗ್, ಸುತ್ತಲಿನವರ ಬಾಯಲ್ಲಿ ಬರಿಯ 'ಕ್ಯಾಂಪು'. ಮಳೆ ನಂಬಿದ ಮುಸುಕಿನ ಜೋಳ, ರಾಗಿ. ರಾತ್ರಿ ಆನೆ ಹಂದಿಗಳ ಕಾವಲು. ಚಳಿಗಾಲ ಬಂತೆಂದರೆ ಸ್ವೆಟರ್ ಮೂಟೆ ಕಟ್ಟಿಕೊಂಡು ಊರೂರು ಸುತ್ತುವ ವ್ಯಾಪಾರ. ಜೋಗ್‌ಚೆನ್ ಮಠವನ್ನು ಇಲ್ಲಿ ಮರಳಿ ಕಟ್ಟಿ 1992ರಲ್ಲಿ ದಲೈಲಾಮಾ ಅವರೇ ಉದ್ಘಾಟಿಸಿದರು. ಆನೆ ಕಾಯುವ ಕೆಲಸದಲ್ಲಿ, ಮಳೆ ಕೈಕೊಟ್ಟಾಗ ತಲೆಯ ಮೇಲೆ ಕೈಹೊತ್ತು ಕೂರುವುದರಲ್ಲಿ ಕ್ಯಾಂಪಿನ ರೈತನಿಗೂ ಪಕ್ಕದ ಲೊಕ್ಕನಹಳ್ಳಿಯ ರೈತನಿಗೂ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಒಂದು ಪುಸ್ತಕದಲ್ಲಿ. ಕ್ಯಾಂಪಿನವರ ಕೈಯಲ್ಲಿರುವುದು ವಿದೇಶಿಯರಿಗೆ ಕೊಡುವ ನೋಂದಣಿ ಪತ್ರ, ಆರ್‌ಸಿ. ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಹೊರದೇಶಕ್ಕೆ ಹೋಗುವುದಿದ್ದರೆ ಪಾಸ್‌ಪೋರ್ಟ್ ಬದಲು ಹಳದಿ ರಟ್ಟಿನ ಗುರುತು ಪುಸ್ತಕ, ಐಸಿ.

1974 ಈ ಬೆಟ್ಟದ ಚರಿತ್ರೆಯಲ್ಲಿ ನಿಂತು ನೋಡಬೇಕಾದ ವರ್ಷ. ಆ ವರ್ಷದ ಮಾರ್ಚ್ 1ರಂದು ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ಗೇಣಿಗೆ ಉಳುತ್ತಿದ್ದ ಭೂಮಿ ಸರ್ಕಾರದಲ್ಲಿ ನಿಹಿತವಾಗಿ, ಉಳುವವನು ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿ ಒಡೆಯನಾಗುವ ದಾರಿ ತೆರೆಯಿತು. ಅದೇ ವರ್ಷ ಜೂನ್‌ನಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿ ಅಭಯಾರಣ್ಯವೆಂದು ಘೋಷಣೆಯಾಯಿತು. ಕಾಡಿನ ನಡುವಣ ಪೋಡುಗಳಲ್ಲಿ, ಅಂದರೆ ತಮ್ಮ ಹಾಡಿಗಳಲ್ಲಿ, ಇದ್ದ ಸೋಲಿಗ ಬುಡಕಟ್ಟಿನವರಿಗೆ ಕುಮರಿ ಬೇಸಾಯ ನಿಂತಿತು, ಬೇಟೆ ನಿಂತಿತು, ಅನೇಕ ಪೋಡುಗಳು ಅಂಚಿನ ಕಾಲೊನಿಗಳಿಗೆ ಎತ್ತಂಗಡಿಯಾದವು. ಹುಲ್ಲು ತರಗೆಲೆಗೆ ಬೇಸಿಗೆಯ ಮೊದಲಲ್ಲಿ ಹಾಕುತ್ತಿದ್ದ ತರಗು ಬೆಂಕಿ ಅಪರಾಧವಾಯಿತು. ಮುಂದೆ ಮಾರಾಟಕ್ಕಾಗಿ ಜೇನು, ನೆಲ್ಲಿ, ಪಾಚಿ ಸಂಗ್ರಹಿಸುವುದಕ್ಕೂ ತಡೆ ಬಂತು. ಅದೇ ವರ್ಷವೇ ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಟಿಬೆಟಿಯನ್ನರಿಗೆ ಮನೆ ಎದ್ದಿತು. ಪೌರತ್ವವಿಲ್ಲದವರಿಗೆ ನೆಲೆ ಸಿಕ್ಕಿತು, ಪೌರತ್ವದ ಬಗ್ಗೆ ಯಾರಿಗೂ ಸಂಶಯವೇ ಇಲ್ಲದವರ ನೆಲೆ ಹೋಯಿತು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಪೌರತ್ವ ಎಂಬ ಕಾಗದವನ್ನೂ ನೆಲೆ ಎಂಬ ವಾಸ್ತವವನ್ನೂ ಬೇರೆ ಬೇರೆಯಾಗಿ ಎಣಿಸುವ ಆಡಳಿತದ ಕೈಯಲ್ಲಿ ಕಾಗದ ಇದ್ದವನೂ ಇಲ್ಲದವನೂ ಒಂದೇ ರೀತಿ ನರಳಬಹುದು ಎಂಬುದು ತಿಳಿಯುತ್ತದೆ.

ಭೂಸುಧಾರಣೆಯ ಮಾತನ್ನು ಇಲ್ಲಿಗೆ ತಂದದ್ದಕ್ಕೆ ಕಾರಣವಿದೆ. ಉಳುವವನೇ ಹೊಲದೊಡೆಯ ಎಂದು ಕರ್ನಾಟಕ ಒಪ್ಪಿಕೊಂಡಾಗ ಅದು ಒಪ್ಪಿಕೊಂಡದ್ದು ಒಂದು ನ್ಯಾಯತತ್ವವನ್ನು: ಕಾಗದದಲ್ಲಿ ಹೆಸರಿಲ್ಲದಿದ್ದರೂ, ದುಡಿಮೆ ಮತ್ತು ವಾಸ ಸೇರಿ ಹಕ್ಕಾಗಿ ಬಲಿಯುತ್ತವೆ. ಇದು ಅರಸು ಅವರ ಕಾಲದ ಆವೇಶ ಮಾತ್ರವಲ್ಲ. ಕಾನೂನಿನ ಹಳೆಯ ನಂಬಿಕೆಯೂ ಹೌದು. 1963ರ ಲಿಮಿಟೇಷನ್ ಕಾಯ್ದೆಯಂತೆ, ತನ್ನ ಜಮೀನನ್ನು ಬೇರೊಬ್ಬ ಎದುರೆದುರೇ ಅನುಭವಿಸುತ್ತಿದ್ದರೂ ಹನ್ನೆರಡು ವರ್ಷ ಸುಮ್ಮನಿದ್ದ ಖಾಸಗಿ ಮಾಲೀಕ ದಾವೆಯ ಹಕ್ಕನ್ನೇ ಕಳೆದುಕೊಳ್ಳುತ್ತಾನೆ. ಸರ್ಕಾರಕ್ಕೂ ಅವಧಿ ಉಂಟು, ಮೂವತ್ತು ವರ್ಷ. ಸಂವಿಧಾನದ 5ನೆಯ ವಿಧಿಯಲ್ಲೂ ಇದೇ ಜಾಡು ಕಾಣುತ್ತದೆ: 1950ರ ಜನವರಿ 26ಕ್ಕೆ ಮುಂಚೆ ಐದು ವರ್ಷ ಇಲ್ಲಿ ವಾಸವಿದ್ದು ಇಲ್ಲೇ ನೆಲೆ ಮಾಡಿಕೊಂಡವನನ್ನು ಅದು ಪೌರನೆಂದು ಕರೆಯಿತು. ಕ್ಯಾಂಪಿನ ಭೂಮಿ ಗುತ್ತಿಗೆಯದು, ಅದರ ಮಾಲೀಕತ್ವದ ಪ್ರಶ್ನೆ ಇಲ್ಲಿಲ್ಲ. ಆದರೆ ಒಂದು ತುಂಡು ಹೊಲದ ವಿಷಯದಲ್ಲಿ ಕಾಲಕ್ಕೆ ಇಷ್ಟು ಬೆಲೆ ಕೊಡುವ ಕಾನೂನು, ಒಬ್ಬ ಮನುಷ್ಯನ ಇಡೀ ಬದುಕಿನ ನೆಲೆಯ ವಿಷಯದಲ್ಲಿ ಕಾಲವನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೆ ಅದನ್ನು ಸಮರ್ಥಿಸುವುದು ಕಷ್ಟ.

ಟಿಬೆಟಿಯನ್ನರ ವಿಷಯದಲ್ಲಿ ಕಾನೂನು ಕಾಲವನ್ನು ಮರೆತಿರಲಿಲ್ಲ, ಮರೆತದ್ದು ಕಚೇರಿಗಳು. 1955ರ ಪೌರತ್ವ ಕಾಯ್ದೆಯ 3ನೆಯ ಸೆಕ್ಷನ್ ಪ್ರಕಾರ, 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದ ಪ್ರತಿಯೊಬ್ಬರೂ, ರಾಜತಾಂತ್ರಿಕರ ಮಕ್ಕಳಂಥ ಕೆಲವರನ್ನು ಬಿಟ್ಟು, ಹುಟ್ಟಿನಿಂದಲೇ ಪೌರರು. ತಂದೆತಾಯಿ ಯಾರು ಎಂಬ ಪ್ರಶ್ನೆಯೇ ಇಲ್ಲ. 1987ರ ಜುಲೈ 1ರಿಂದ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಪೌರರಾಗಿರಬೇಕು. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದವರಿಗೆ ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಇದನ್ನು ಕ್ಯಾಂಪಿನ ಒಂದು ಮನೆಗೆ ಅನ್ವಯಿಸಿ ನೋಡೋಣ. ಅಜ್ಜಿ ಟಿಬೆಟಿನಲ್ಲಿ ಹುಟ್ಟಿದವಳು. ಕಾನೂನಿನ ಕಣ್ಣಿಗೆ ವಿದೇಶಿ. ಕ್ಯಾಂಪಿನಲ್ಲೇ 1976ರಲ್ಲಿ ಹುಟ್ಟಿದ ಅವಳ ಮಗ, ಯಾವ ಅರ್ಜಿಯೂ ಇಲ್ಲದೆ, ಭಾರತದ ಪೌರ. ಅವನಿಗೆ 1999ರಲ್ಲಿ ಹುಟ್ಟಿದ ಮಗಳು, ತಂದೆ ಪೌರನಾದ್ದರಿಂದ, ಪೌರಳು. 2008ರಲ್ಲಿ ಹುಟ್ಟಿದ ಅವಳ ತಮ್ಮನ ಗತಿ ಮಾತ್ರ ತಾಯಿಯ ಕಾಗದದ ಮೇಲೆ ನಿಂತಿದೆ. ಆಕೆ ತೊಂಬತ್ತರ ದಶಕದಲ್ಲಿ ದಾಖಲೆಯಿಲ್ಲದೆ ಗಡಿ ದಾಟಿ ಬಂದವಳೆಂದು ಅಧಿಕಾರಿ ಬರೆದರೆ ಹುಡುಗನಿಗೆ ಯಾವ ದೇಶವೂ ಇಲ್ಲ. ಒಂದೇ ಒಲೆಯ ಸುತ್ತ ಕೂತ ನಾಲ್ವರಲ್ಲಿ ಇಬ್ಬರು ಕಾನೂನಿನಂತೆ ಪೌರರು, ಒಬ್ಬಳು ವಿದೇಶಿ, ಒಬ್ಬ ಎಲ್ಲಿಯೂ ಸಲ್ಲದವನಾಗಬಹುದು. ಆದರೆ ದಶಕಗಳ ಕಾಲ ನಾಲ್ವರನ್ನೂ ವಿದೇಶಿಯರೆಂದೇ ನಡೆಸಿಕೊಳ್ಳಲಾಯಿತು.

ಇದನ್ನು ಬಿಡಿಸಿದ್ದು ನ್ಯಾಯಾಲಯಗಳು. ಹಿಮಾಚಲದ ಕಾಂಗ್ರಾದಲ್ಲಿ 1986ರಲ್ಲಿ ಹುಟ್ಟಿದ ನಾಮ್‌ಗ್ಯಾಲ್ ಡೋಲ್ಕರ್ ಎಂಬವರಿಗೆ ಪಾಸ್‌ಪೋರ್ಟ್ ನಿರಾಕರಿಸಿದ್ದನ್ನು ದೆಹಲಿ ಹೈಕೋರ್ಟ್ 2010ರ ಡಿಸೆಂಬರ್‌ನಲ್ಲಿ ತಳ್ಳಿಹಾಕಿತು. ಅವರು ತಮ್ಮನ್ನು ಟಿಬೆಟಿಯನ್ ಎಂದು ಕರೆದುಕೊಂಡರೂ, ಆರ್‌ಸಿ ಪಡೆದಿದ್ದರೂ ಕಾಯ್ದೆ ಕೊಟ್ಟ ಪೌರತ್ವ ಅದರಿಂದ ಹೋಗುವುದಿಲ್ಲ ಎಂಬುದು ತೀರ್ಪಿನ ಸಾರ. ಕರ್ನಾಟಕ ಹೈಕೋರ್ಟ್ 2013ರಲ್ಲಿ ಲಿಂಗ್ ರಿನ್‌ಪೊಚೆ ಅವರ ಅರ್ಜಿಯಲ್ಲಿ ಅದೇ ದಾರಿ ಹಿಡಿಯಿತು. ಚುನಾವಣಾ ಆಯೋಗ 2014ರ ಫೆಬ್ರವರಿಯಲ್ಲಿ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸುವಂತೆ ಸೂಚಿಸಿತು. ಆದರೂ ಪಾಸ್‌ಪೋರ್ಟ್ ಕಚೇರಿಗಳು ಮಣಿಯದೆ, 2016ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಇನ್ನೊಮ್ಮೆ ಹೇಳಬೇಕಾಯಿತು. 2017ರ ಮಾರ್ಚ್‌ನಲ್ಲಿ ವಿದೇಶಾಂಗ ಸಚಿವಾಲಯ ಪಾಸ್‌ಪೋರ್ಟ್ ಕೊಡಲು ಒಪ್ಪಿತು. ಜೂನ್ ಹೊತ್ತಿಗೆ ಷರತ್ತುಗಳು ಬಂದವು. ಅರ್ಜಿದಾರರು ಆರ್‌ಸಿ, ಐಸಿ ಎರಡನ್ನೂ ರದ್ದು ಮಾಡಿಸಬೇಕು. ಗೊತ್ತುಪಡಿಸಿದ ಟಿಬೆಟಿಯನ್ ಶಿಬಿರದಲ್ಲಿ ತಾವು ವಾಸವಿಲ್ಲವೆಂದು ಬರೆದುಕೊಡಬೇಕು. ಧರ್ಮಶಾಲೆಯ ಕೇಂದ್ರೀಯ ಟಿಬೆಟಿಯನ್ ಆಡಳಿತದ ಸವಲತ್ತುಗಳನ್ನೂ, ನಿರಾಶ್ರಿತರೆಂಬ ಕಾರಣಕ್ಕೆ ಸಿಗುವ ಸಹಾಯಧನವನ್ನೂ ಪಡೆಯುತ್ತಿಲ್ಲವೆಂದೂ ಹೇಳಬೇಕು. ಆರ್‌ಸಿ ಬಿಡುವುದು ಸಹಜ; ಒಬ್ಬನೇ ಮನುಷ್ಯ ಪೌರನೂ ವಿದೇಶಿಯೂ ಆಗಿರಲಾರ. ಸಹಾಯಧನದ ಮಾತನ್ನೂ ಒಪ್ಪಬಹುದು. ಆದರೆ ಶಿಬಿರ ಬಿಡುವ ಷರತ್ತು ಬೇರೆಯೇ ಜಾತಿಯದು. ಮೇಲೆ ಹೇಳಿದ ಮನೆಯ ಮಗ ತಾನು ಹುಟ್ಟಿದ ದಿನದಿಂದ ಹೊಂದಿರುವ ಪೌರತ್ವಕ್ಕೆ ಒಂದು ಪಾಸ್‌ಪೋರ್ಟ್ ಬೇಕೆಂದರೆ ಹುಟ್ಟಿದ ಮನೆಯನ್ನೂ, ಉತ್ತ ಹೊಲವನ್ನೂ, ವಯಸ್ಸಾದ ತಾಯಿಯನ್ನೂ ಬಿಟ್ಟು ಹೊರಡಬೇಕು. ಯಳಂದೂರಿನಲ್ಲಿ ಹುಟ್ಟಿದ ಯಾರಿಗಾದರೂ, ನೀನು ಯಳಂದೂರಿನಲ್ಲಿ ವಾಸವಿಲ್ಲವೆಂದು ಬರೆದುಕೊಟ್ಟರೆ ಪಾಸ್‌ಪೋರ್ಟ್ ಕೊಡುತ್ತೇವೆ ಎಂದು ಯಾವ ಅಧಿಕಾರಿಯೂ ಹೇಳಲಾರ.

ಈ ಷರತ್ತು ಎಷ್ಟು ಭಾರವೆಂಬುದು ಪೌರತ್ವ ಕಾಯ್ದೆಯ 10ನೆಯ ಸೆಕ್ಷನ್ ಪಕ್ಕದಲ್ಲಿಟ್ಟರೆ ಗೊತ್ತಾಗುತ್ತದೆ. ಪೌರತ್ವ ಕಿತ್ತುಕೊಳ್ಳುವ ಅಧಿಕಾರ ಇರುವುದು ಆ ಸೆಕ್ಷನ್‌ನಲ್ಲಿ, ಮತ್ತು ಅದು ಮುಖ್ಯವಾಗಿ ನೋಂದಣಿ ಅಥವಾ ದೇಶೀಕರಣದಿಂದ ಪೌರರಾದವರಿಗೆ ಅನ್ವಯಿಸುತ್ತದೆ. ಹುಟ್ಟಿನಿಂದ ಪೌರರಾದವರನ್ನು ಮುಟ್ಟುವುದಿಲ್ಲ. ಕಾರಣಗಳೂ ಎಣಿಸಿದಷ್ಟೇ: ವಂಚನೆ ಅಥವಾ ಸತ್ಯ ಮರೆಮಾಚಿ ಪಡೆದದ್ದು, ಸಂವಿಧಾನಕ್ಕೆ ನಿಷ್ಠೆ ಮುರಿದದ್ದು, ಯುದ್ಧಕಾಲದಲ್ಲಿ ಶತ್ರುವಿಗೆ ನೆರವಾದದ್ದು, ಪೌರನಾದ ಐದು ವರ್ಷದೊಳಗೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸಕ್ಕೆ ಗುರಿಯಾದದ್ದು, ಏಳು ವರ್ಷ ಒಂದೇ ಸಮನೆ ಹೊರದೇಶದಲ್ಲಿ ನೆಲೆಸಿದ್ದು. ಇವುಗಳಲ್ಲೊಂದು ಸಾಬೀತಾದರೂ ಸಾಲದು; ಆ ವ್ಯಕ್ತಿ ಪೌರನಾಗಿ ಮುಂದುವರಿಯುವುದು ಸಾರ್ವಜನಿಕ ಹಿತಕ್ಕೆ ಒಗ್ಗುವುದಿಲ್ಲ ಎಂದು ಕೇಂದ್ರಕ್ಕೆ ಮನದಟ್ಟಾಗಬೇಕು. ಲಿಖಿತ ನೋಟಿಸ್ ಕೊಡಬೇಕು. ಹತ್ತು ವರ್ಷವಾದರೂ ನ್ಯಾಯಾಂಗದ ಹುದ್ದೆಯಲ್ಲಿದ್ದವರ ಅಧ್ಯಕ್ಷತೆಯ ವಿಚಾರಣಾ ಸಮಿತಿಯ ಮುಂದೆ ಹೋಗುವ ಅವಕಾಶ ಕೊಡಬೇಕು. ಯುದ್ಧದಲ್ಲಿ ಶತ್ರುವಿನ ಜೊತೆ ವ್ಯವಹರಿಸಿದವನಿಗೂ ಸಂಸತ್ತು ಇಷ್ಟು ರಕ್ಷಣೆ ಇಟ್ಟಿದೆ. ಏನೂ ತಪ್ಪು ಮಾಡದ, ಹುಟ್ಟಿನಿಂದಲೇ ಪೌರನಾದ ಕ್ಯಾಂಪಿನ ರೈತನಿಗೆ ಮಾತ್ರ ನೋಟಿಸೂ ಇಲ್ಲ, ಸಮಿತಿಯೂ ಇಲ್ಲ. ಒಂದು ಸುತ್ತೋಲೆ, ಒಂದು ಮುಚ್ಚಳಿಕೆ ಸಾಕು. ಸಂಸತ್ತು ರದ್ದು ಮಾಡಲಾಗದೆಂದು ಬಿಟ್ಟಿದ್ದನ್ನು ಸುತ್ತೋಲೆ ಬಳಸುದಾರಿಯಲ್ಲಿ ರದ್ದು ಮಾಡಿದಂತಾಯಿತು.

ವಂಚಿಸಿ ಪಡೆದದ್ದನ್ನು ಕಾಲ ಕಳೆದ ಮಾತ್ರಕ್ಕೆ ಬಿಟ್ಟುಬಿಡಬೇಕೇ ಎಂಬುದು ರದ್ದತಿಯ ಪರವಾದ ಎಲ್ಲಕ್ಕಿಂತ ಬಲವಾದ ಪ್ರಶ್ನೆ. ನೆರೆಯ ತೆಲಂಗಾಣದ ವೇಮುಲವಾಡದ ಶಾಸಕರಾಗಿದ್ದ ಚೆನ್ನಮನೇನಿ ರಮೇಶ್ ಅವರ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಜರ್ಮನಿಯ ಪೌರರಾಗಿದ್ದ ಅವರು 2009ರಲ್ಲಿ ನೋಂದಣಿಯಿಂದ ಭಾರತದ ಪೌರತ್ವ ಪಡೆದರು. ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಸತತವಾಗಿ ಭಾರತದಲ್ಲಿ ಇರಲಿಲ್ಲವೆಂಬ ಸಂಗತಿಯನ್ನು ಮರೆಮಾಚಿದರೆಂದು 2017ರಲ್ಲಿ ಗೃಹ ಸಚಿವಾಲಯ ಅದನ್ನು ರದ್ದು ಮಾಡಿತು. ಸಾರ್ವಜನಿಕ ಹಿತದ ಪರೀಕ್ಷೆಯನ್ನೇ ಮಾಡಿಲ್ಲವೆಂದು 2019ರ ಜುಲೈನಲ್ಲಿ ಹೈಕೋರ್ಟ್ ಆದೇಶವನ್ನು ಹಿಂದಿರುಗಿಸಿತು. ಸಚಿವಾಲಯ ಅದೇ ವರ್ಷ ಮತ್ತೆ ರದ್ದು ಮಾಡಿತು. 2024ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ರದ್ದತಿ ಅನ್ಯಾಯವೆಂದು ನನಗೆ ಅನಿಸುವುದಿಲ್ಲ. ವಿಚಾರಣೆ ನಡೆಯಿತು, ದಾಖಲೆ ಪರಿಶೀಲನೆಯಾಯಿತು, ಮತ್ತು ಪೌರತ್ವ ಕಳೆದುಕೊಂಡವರ ಕೈಯಲ್ಲಿ ಜರ್ಮನಿಯ ಪಾಸ್‌ಪೋರ್ಟ್ ಇತ್ತು; ನೆಲೆಯಿಲ್ಲದೆ ಬೀದಿಗೆ ಬೀಳುವ ಸ್ಥಿತಿ ಅವರದಾಗಿರಲಿಲ್ಲ. ಆದರೂ 10ನೆಯ ಸೆಕ್ಷನ್‌ನಲ್ಲಿ ಒಂದು ಕೊರತೆ ಇದೆ. ಅಪರಾಧದ ಕಾರಣಕ್ಕೆ ಐದು ವರ್ಷದ ಗಡಿ ಹಾಕಿರುವ ಅದೇ ಸೆಕ್ಷನ್ ವಂಚನೆಯ ಕಾರಣಕ್ಕೆ ಗಡಿಯನ್ನೇ ಹಾಕಿಲ್ಲ. ಐದು ವರ್ಷದ ನಂತರ ಗಂಭೀರ ಅಪರಾಧ ಮಾಡಿದವನನ್ನೂ ನಮ್ಮವನೆಂದೇ ಕಂಡು ನಮ್ಮ ಜೈಲಿಗೇ ಹಾಕುತ್ತೇವೆ ಎನ್ನುವ ಕಾನೂನು, ನಲವತ್ತು ವರ್ಷದ ಹಿಂದಿನ ಅರ್ಜಿಯ ಒಂದು ಸುಳ್ಳಿಗೆ ಮನುಷ್ಯನನ್ನೇ ಹೊರಗಿಡಬಹುದೆನ್ನುವುದು ಹೊಂದುವುದಿಲ್ಲ. ಸುಳ್ಳು ಹೇಳಿದ್ದಕ್ಕೆ ದಂಡವಿರಲಿ, ಸೆರೆಯೂ ಇರಲಿ. ಪೌರತ್ವವನ್ನೇ ಕೀಳಬೇಕಾದರೆ ಆ ಸುಳ್ಳು ಅವನದೇ ಆಗಿರಬೇಕು, ತಂದೆತಾಯಿಯದಲ್ಲ. ಅದಿಲ್ಲದಿದ್ದರೆ ಪೌರತ್ವ ಸಿಗುತ್ತಲೇ ಇರಲಿಲ್ಲ ಎನ್ನುವಷ್ಟು ಮೂಲಭೂತವಾಗಿರಬೇಕು. ಮತ್ತು ಅದನ್ನು ಪತ್ತೆಹಚ್ಚಲು ಸರ್ಕಾರಕ್ಕೂ ಒಂದು ಗಡುವಿರಬೇಕು.

ಅಮೆರಿಕದ ಸುಪ್ರೀಂ ಕೋರ್ಟ್ ಇವುಗಳಲ್ಲಿ ಎರಡನೆಯದನ್ನು 2017ರ ಮಾಸ್ಲೆನ್‌ಜಾಕ್ ಪ್ರಕರಣದಲ್ಲಿ ಒಪ್ಪಿದೆ. ಪೌರತ್ವ ಸಿಗುವುದರಲ್ಲಿ ಪಾತ್ರ ವಹಿಸದ ಸುಳ್ಳಿಗೆ ಪೌರತ್ವ ಕೀಳುವಂತಿಲ್ಲ ಎಂದಿತು. ಅದಕ್ಕೂ ಹಿಂದೆ, 1967ರಲ್ಲಿ, ಪೌರನ ಒಪ್ಪಿಗೆಯಿಲ್ಲದೆ ಅವನ ಪೌರತ್ವವನ್ನು ಸಂಸತ್ತು ಕಸಿಯಲಾರದೆಂದು ಅಫ್ರೊಯಿಮ್ ಪ್ರಕರಣದಲ್ಲಿ ಹೇಳಿತ್ತು. ಅಲ್ಲಿ ವಂಚನೆಗೆ ಕಾಲದ ಗಡಿ ಇಲ್ಲ. 2025ರ ಜೂನ್‌ನಲ್ಲಿ ಅಲ್ಲಿನ ನ್ಯಾಯ ಇಲಾಖೆ ಇಂಥ ರದ್ದತಿ ಮೊಕದ್ದಮೆಗಳಿಗೆ ಆದ್ಯತೆ ಕೊಡುವಂತೆ ತನ್ನ ವಕೀಲರಿಗೆ ಸೂಚಿಸಿದೆ. ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾಗಳಲ್ಲಿ ಮಕ್ಕಳು ನೆಲೆಸಿರುವ ಕನ್ನಡದ ಮನೆಗಳಿಗೂ ಈ ಪ್ರಶ್ನೆ ಈಗ ಹತ್ತಿರದ್ದು. ಯಹೂದಿಗಳ ಪೌರತ್ವವನ್ನು ನಾಜಿಗಳು 1941ರ ಸುಗ್ರೀವಾಜ್ಞೆಯಿಂದ ಸಾರಾಸಗಟಾಗಿ ಕಿತ್ತುದನ್ನು ಕಂಡ ಜರ್ಮನಿ, 1949ರ ಮೂಲ ಕಾನೂನಿನ 16ನೆಯ ವಿಧಿಯಲ್ಲಿ ಪೌರತ್ವ ಕಸಿಯುವುದನ್ನೇ ನಿಷೇಧಿಸಿತು. ಬ್ರಿಟನ್ ಎದುರು ದಿಕ್ಕಿಗೆ ನಡೆದಿದೆ: ಲಂಡನ್ನಿನಲ್ಲೇ ಹುಟ್ಟಿ ಬೆಳೆದ ಶಮೀಮಾ ಬೇಗಂ ಅವರ ಪೌರತ್ವವನ್ನು 2019ರಲ್ಲಿ ರದ್ದು ಮಾಡುವಾಗ, ಅವರಿಗೆ ಬಾಂಗ್ಲಾದೇಶದ ಪೌರತ್ವ ಉಂಟೆಂದು ಅಲ್ಲಿನ ಸರ್ಕಾರ ಹೇಳಿತು, ಬಾಂಗ್ಲಾದೇಶ ಇಲ್ಲವೆಂದಿತು. ಭದ್ರತೆಯ ಹೆಸರಿನಲ್ಲಿ ಒಂದು ದೇಶ ತನ್ನಲ್ಲೇ ಬೆಳೆದ ಅಪಾಯವನ್ನು ಇನ್ನೊಂದು ದೇಶದ ಬಾಗಿಲಿಗೆ ತಳ್ಳಿದರೆ ಅಪಾಯವೇನೂ ಕಡಿಮೆಯಾಗುವುದಿಲ್ಲ. ಕೆನಡಾ 2014ರಲ್ಲಿ ಇಂಥದೇ ಕಾನೂನು ಮಾಡಿ 2017ರಲ್ಲಿ ತಾನೇ ಹಿಂದಕ್ಕೆ ಪಡೆಯಿತು.

ಸಾಮೂಹಿಕ ರದ್ದತಿ ಏನು ಮಾಡುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಸುಳ್ಯ, ಪುತ್ತೂರು ತಾಲ್ಲೂಕುಗಳ ರಬ್ಬರ್ ತೋಟಗಳಿವೆ. ಸಿಲೋನಿನ ಚಹಾ ತೋಟಗಳಲ್ಲಿ ತಲೆಮಾರುಗಳಿಂದ ದುಡಿದ ಮಲೆನಾಡ ತಮಿಳರನ್ನು ಆ ದೇಶ ಸ್ವತಂತ್ರವಾದ ವರ್ಷವೇ, 1948ರ ಪೌರತ್ವ ಕಾಯ್ದೆಯಿಂದ, ಹೊರಗಿಟ್ಟಿತು. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಲ್ಲಿ ಎರಡು ಸರ್ಕಾರಗಳು ಅವರನ್ನು ಹಂಚಿಕೊಂಡವು: ಭಾರತಕ್ಕೆ 5,25,000, ಸಿಲೋನಿಗೆ 3,00,000, ಉಳಿದವರ ಲೆಕ್ಕ ಆಮೇಲೆ. ಭಾರತವನ್ನು ಎಂದೂ ಕಾಣದವರು ಭಾರತಕ್ಕೆ 'ಮರಳಿ'ದರು. ಅವರಲ್ಲಿ ಒಂದು ಪಾಲಿಗೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ತನ್ನಲ್ಲಿ ಉಳಿದಿದ್ದವರಿಗೆ ಶ್ರೀಲಂಕಾ 2003ರಲ್ಲಿ ಪೌರತ್ವದ ಕಾನೂನು ಮಾಡಿತು. ಐವತ್ತೈದು ವರ್ಷ ಹಿಡಿದ ತಿದ್ದುಪಡಿ. ಒಂದು ದೇಶ ಕಿತ್ತೆಸೆದ ನೆಲೆಯನ್ನು ಇನ್ನೊಂದು ದೇಶದ ಒಂದು ಜಿಲ್ಲೆ ಕಟ್ಟಿಕೊಡಬೇಕಾಯಿತು. ಟಿಬೆಟಿಯನ್ನರಿಗೆ ಆ ಇನ್ನೊಂದು ದೇಶವೂ ಇಲ್ಲ.

ಕೊಳ್ಳೇಗಾಲದ ಕಡೆಯಿಂದ ಬರುವ ಆಕ್ಷೇಪಣೆ ಬೇರೆ ರೀತಿಯದು, ಮತ್ತು ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಇಲ್ಲಿನ ದಲಿತರಿಗೆ, ಸೋಲಿಗರಿಗೆ ತುಂಡು ಭೂಮಿ ಇಲ್ಲದಿರುವಾಗ ಹೊರಗಿನವರಿಗೆ ಮೂರು ಸಾವಿರ ಎಕರೆ ಏಕೆ, ಅದರ ಮೇಲೆ ಪೌರತ್ವ ಬೇರೆ ಏಕೆ ಎಂಬುದು ಅದರ ತಿರುಳು. ನೋವು ನಿಜ. ಆದರೆ ಸೋಲಿಗರ ಕಾಡನ್ನು ತೆಗೆದುಕೊಂಡದ್ದು ಟಿಬೆಟಿಯನ್ನರಲ್ಲ, ಅಭಯಾರಣ್ಯದ ಅಧಿಸೂಚನೆ. ಅದು ಮರಳಿ ಸಿಗಲು ಶುರುವಾದದ್ದೂ ಯಾರನ್ನೋ ಓಡಿಸಿದ್ದರಿಂದಲ್ಲ, ನೆಲೆಗೆ ಬೆಲೆ ಕೊಡುವ ಒಂದು ಕಾನೂನಿನಿಂದ. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರನ್ನು 'ಅತಿಕ್ರಮಣಕಾರ' ಎಂದು ಕರೆಯುವುದನ್ನು ಬಿಟ್ಟು, 2005ರ ಡಿಸೆಂಬರ್ 13ಕ್ಕೆ ಮುಂಚಿನ ವಾಸವನ್ನು ಹಕ್ಕಿಗೆ ಆಧಾರ ಮಾಡಿತು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಹಲವು ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರವೂ ಸಿಕ್ಕಿತು. ಹುಲಿ ಕಾಡಿನ ಒಳಗೇ ಇದ್ದು ಇಂಥ ಹಕ್ಕು ಪಡೆದವರಲ್ಲಿ ದೇಶಕ್ಕೇ ಮೊದಲಿಗರು ಬಿಳಿಗಿರಿಯ ಸೋಲಿಗರು. ಗ್ರಾಮಸಭೆಗಳು ತಮ್ಮ ವಾಸವನ್ನು ತೋರಿಸಲು ಕಾಗದದ ಜೊತೆಗೆ ಕಾಡನ್ನೇ ಸಾಕ್ಷಿಗೆ ಕರೆದವು: ದೇವರ ಗುಡಿ, ಮಾರಿಯ ಜಾಗ, ಸತ್ತವರನ್ನು ಹೂಳುವ ಕಲ್ಲು, ವೀರನ ಮರ. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆಗೆ ಸೋಲಿಗರು ಮಾಡುವ ಪೂಜೆ ಯಾವ ಪಹಣಿಗಿಂತಲೂ ಹಳೆಯದು. ನೆಲೆಯನ್ನು ಹೀಗೆ ಸಾಬೀತು ಮಾಡಿದವರ ಗೆಲುವು ಕ್ಯಾಂಪಿನವರ ವಾದವನ್ನು ಬಲಪಡಿಸುತ್ತದೆ. ಒಬ್ಬರ ನೆಲೆಯನ್ನು ಕಾಗದಕ್ಕಿಂತ ಮೇಲೆಂದು ಎತ್ತಿಹಿಡಿದು ಇನ್ನೊಬ್ಬರದನ್ನು ಕಾಗದದ ಕೆಳಗೆ ಹೂಳುವುದು ಆಗ ಸಾಧ್ಯವಿಲ್ಲ. ಹೊರಗಿನಿಂದ ಬಂದವರನ್ನು ಒಳಗೆ ಸೇರಿಸಿಕೊಳ್ಳುವ ರೀತಿಯೂ ಈ ಬೆಟ್ಟಕ್ಕೆ ಗೊತ್ತು. ಸೋಲಿಗರ ಕಥೆಯಲ್ಲಿ ರಂಗನಾಥ ಅವರ ಹೆಣ್ಣು ಕುಸುಮಾಲೆಯನ್ನು ವರಿಸಿ ಅವರಿಗೆ ಭಾವನಾದವನು. ಬೆಟ್ಟಕ್ಕೆ ಹೆಸರು ಕೊಟ್ಟ ದೇವರೇ ಅವರಿಗೆ ನಂಟಸ್ತಿಕೆಯಿಂದ ಸೇರಿಕೊಂಡವನು.

ಟಿಬೆಟಿಯನ್ನರೇ ಪೌರತ್ವ ಬೇಡವೆನ್ನುತ್ತಾರಲ್ಲ ಎಂಬ ಮಾತೂ ಇದೆ. ಎಲ್ಲರೂ ಭಾರತೀಯರಾದರೆ ಮರಳಿ ಹೋಗುವ ಹೋರಾಟ ಸೊರಗುತ್ತದೆಂಬ ಆತಂಕ ಆ ಸಮುದಾಯದ ಹಿರಿಯರಲ್ಲಿ ಉಂಟು, ಅದಕ್ಕೆ ಗೌರವ ಸಲ್ಲಬೇಕು. ಧರ್ಮಶಾಲೆಯ ಆಡಳಿತ ಇದನ್ನು ವ್ಯಕ್ತಿಯ ಆಯ್ಕೆಗೆ ಬಿಟ್ಟಿದೆ. ಆಯ್ಕೆ ಎಂದ ಮೇಲೆ ಅದರ ಎರಡೂ ಬದಿ ತೆರೆದಿರಬೇಕು. ಬೇಡವೆಂದವರು ಆರ್‌ಸಿ ಇಟ್ಟುಕೊಂಡೇ ಬಾಳಲಿ. ಬೇಕೆಂದವರು ಮನೆ ಕಳೆದುಕೊಳ್ಳುವ ಸ್ಥಿತಿ ಬರಬಾರದು. ಇನ್ನು ಚೀನಾದ ಗಡಿ, ದೇಶದ ಭದ್ರತೆ ಎಂಬ ವಾದ. ಭಾರತದ ವಿಶೇಷ ಗಡಿ ಪಡೆಯಲ್ಲಿ 1962ರಿಂದ ಟಿಬೆಟಿಯನ್ನರು ಸೇವೆ ಸಲ್ಲಿಸುತ್ತ ಬಂದಿದ್ದಾರೆ. ಸಮುದಾಯವನ್ನೇ ಶಂಕೆಯಿಂದ ನೋಡುವ ಮಾತು ಈ ಸೇವೆಯ ಮುಂದೆ ನಿಲ್ಲುವುದಿಲ್ಲ. ವಿದೇಶಿಯರಿಗೂ ಸಂವಿಧಾನದ 21ನೆಯ ವಿಧಿ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಅರುಣಾಚಲದ ಚಕ್ಮಾ ಪ್ರಕರಣದಲ್ಲಿ ಹೇಳಿ, ದಶಕಗಳಿಂದ ನೆಲೆಸಿದ ಸಾವಿರಾರು ಜನರನ್ನು ಬೆದರಿಸಿ ಎಬ್ಬಿಸಕೂಡದೆಂದು ರಾಜ್ಯಕ್ಕೆ ಆಜ್ಞೆ ಮಾಡಿತು. 2015ರಲ್ಲಿ ಅವರಿಗೆ ಪೌರತ್ವ ಕೊಡುವ ಕೆಲಸ ಮುಗಿಸಿ ಎಂದೂ ಹೇಳಿತು. ಅಲ್ಲಿ ಕೋರ್ಟಿನ ಮನಸ್ಸಿನಲ್ಲಿದ್ದದ್ದೂ ಕಾಲವೇ: ಭಾರತವೇ ಕರೆತಂದು ಕೂರಿಸಿದವರು, ಅಲ್ಲೇ ಮಕ್ಕಳನ್ನು ಹೆತ್ತವರು.

ಒಡೆಯರಪಾಳ್ಯದ ಮಟ್ಟಿಗೆ ಆಗಬೇಕಾದ ಕೆಲಸ ದೊಡ್ಡದೇನಲ್ಲ. 2025ರಲ್ಲಿ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆ 1939ರ, 1946ರ ಹಳೆಯ ಕಾಯ್ದೆಗಳ ಜಾಗದಲ್ಲಿ ನಿಂತಿದೆ, ಆದರೆ ಪೌರತ್ವ ಕಾಯ್ದೆಯ 3ನೆಯ ಸೆಕ್ಷನ್ ಇದ್ದಂತೆಯೇ ಇದೆ. ಕ್ಯಾಂಪಿನಲ್ಲಿ 1987ರ ಮಧ್ಯದವರೆಗೆ ಹುಟ್ಟಿದವರು ಪೌರರೆಂಬುದು ಇಂದಿಗೂ ಅಷ್ಟೇ ನಿಜ. 2017ರ ವಾಸದ ಷರತ್ತನ್ನು ತೆಗೆಯಲು ಸಂಸತ್ತಿನ ತಿದ್ದುಪಡಿ ಬೇಕಿಲ್ಲ. ಸಚಿವಾಲಯದ ಸೂಚನೆಯಿಂದ ಬಂದದ್ದು ಸಚಿವಾಲಯದ ಇನ್ನೊಂದು ಸೂಚನೆಯಿಂದ ಹೋಗುತ್ತದೆ. ಭೂಮಿ ರಾಜ್ಯದ ವಿಷಯ. ಕೇಂದ್ರದ 2014ರ ಟಿಬೆಟಿಯನ್ ಪುನರ್ವಸತಿ ನೀತಿ ರಾಜ್ಯಗಳು ಇಪ್ಪತ್ತು ವರ್ಷದ ಗುತ್ತಿಗೆ ಬರೆದುಕೊಡಬೇಕೆಂದು ಹೇಳಿದೆ. ಗುತ್ತಿಗೆದಾರನ ಮಗನೋ ಮಗಳೋ ಭಾರತದ ಪಾಸ್‌ಪೋರ್ಟ್ ಪಡೆದ ಕಾರಣಕ್ಕೆ ಮನೆಯ ಮೇಲಿನ ಹಕ್ಕು ಹೋಗುವುದಿಲ್ಲ ಎಂಬ ಒಂದು ಸಾಲನ್ನು ಆ ಕರಾರಿಗೆ ಸೇರಿಸುವುದು ಬೆಂಗಳೂರಿನ ಕೈಯಲ್ಲೇ ಇದೆ.